ಪಕ್ಕದಲ್ಲಿ ಕೂತಿದ್ದ ಆ ಅಮ್ಮನಿಗೆ

ಅಮ್ಮಾ, ನಿಮ್ಮ ಹೆಸರು ಕೇಳುವುದನ್ನೇ ಮರೆತೆ. ಪಶುವೈದ್ಯರ ಕ್ಲಿನಿಕ್ಕಿನ ಬೆಂಚಿನ ಮೇಲೆ ಮೊಲದ ಬುಟ್ಟಿ ಹಿಡಿದು ಕೂತಿದ್ದಿರಿ. ನಾನು ನಾಯಿಯನ್ನು ಕರೆತಂದಿದ್ದೆ. ಮಾತಿಗೆ ಮಾತು ಬಂದು, ಮನೆಗೆ ಬಂದ ಆಮೆ 9 ದಿನದಿಂದ ಸರಿಯಾಗಿ ತಿಂದಿಲ್ಲ, ಹೊಸ ಜಾಗ ಅಲ್ವಾ ಎಂದೆ.

ನೀವು ಹಾಗೆಂದು ಸುಮ್ಮನಾಗಲಿಲ್ಲ. ಮೂಗಿನಲ್ಲಿ ಗುಳ್ಳೆ ಬರುತ್ತಾ, ಕತ್ತು ಚಾಚಿ ಬಾಯಿ ತೆರೆದು ಉಸಿರಾಡುತ್ತಾ ಎಂದು ಕೇಳಿದಿರಿ. ಗುಳ್ಳೆ ನೋಡಿದ್ದೆ. ಕುಡಿದ ನೀರು ಅಂದುಕೊಂಡಿದ್ದೆ!

ಹೊಸ ಜಾಗದ ಗಾಬರಿಗೆ ಆಮೆ ಅಡಗುತ್ತದೆ, ಗೋಡೆ ಕೆರೆಯುತ್ತದೆ, ಕಡಿಮೆ ತಿನ್ನುತ್ತದೆ. ಆದರೆ ಕಣ್ಣು ಚುರುಕಾಗಿರುತ್ತದೆ, ಎತ್ತಿದರೆ ಕಾಲು ಬಲವಾಗಿ ಒದೆಯುತ್ತದೆ. ಕಣ್ಣು ಗುಳಿಬಿದ್ದು, ಕಾಲು ಜೋತುಬಿದ್ದು, ಮೂಗು ಸೋರಿದರೆ ಕಾಯಬಾರದು ಎಂದಿರಿ. ಆಮೆಗೆ ನಮ್ಮ ಹಾಗೆ ಕೆಮ್ಮಿ ಕಫ ಹೊರಹಾಕಲು ಆಗುವುದಿಲ್ಲವಂತೆ. ಆ ಮಾತು ಕೇಳಿ ಎದೆ ಧಸಕ್ಕೆಂದಿತು.

ಅಂದು ಸಂಜೆಯೇ ಆಮೆಯನ್ನು ಕರೆದೊಯ್ದೆ. ಶ್ವಾಸಕೋಶದ ಸೋಂಕು. ಬಿಸಿಲು ಕಾಯಲು ಇಟ್ಟಿದ್ದ ದೀಪದ ಕೆಳಗೆ ಬರೀ 24 ಡಿಗ್ರಿ ಇತ್ತು. ಮೈ ತಣ್ಣಗಿದ್ದರೆ ಆಮೆಗೆ ತಿಂದದ್ದೂ ಅರಗುವುದಿಲ್ಲ, ಸೋಂಕಿನ ಜೊತೆ ಹೋರಾಡಲೂ ಆಗುವುದಿಲ್ಲ. ಈಗ ಅಲ್ಲಿ 33 ಡಿಗ್ರಿ ಇದೆ. ಔಷಧಿ ಮುಗಿದಿದೆ. ವಾರಕ್ಕೊಮ್ಮೆ ತೂಕ ನೋಡಿ ಬರೆದಿಡುತ್ತೇನೆ, ನೀವು ಹೇಳಿದ ಹಾಗೇ.

ಇವತ್ತು ಬೆಳಿಗ್ಗೆ ಅದು ತಾನಾಗಿಯೇ ಬಂದು ಒಂದು ಎಲೆ ಪೂರ್ತಿ ತಿಂದಿತು. ಮೊದಲು ನೆನಪಾದದ್ದು ನೀವೇ. ತುಂಬಾ ಥ್ಯಾಂಕ್ಸ್ ಅಮ್ಮಾ. ನಿಮ್ಮ ಮೊಲ ಹೇಗಿದೆ?