ಮಗಳಿಗೊಂದು ಪತ್ರ: ನೀಲಿ ರಟ್ಟಿನ ನೋಟ್‌ಬುಕ್ಕು

ಗುಳೇದಗುಡ್ಡ

ಚಿರಂಜೀವಿ ಮಗಳಿಗೆ ಅಪ್ಪನ ಆಶೀರ್ವಾದಗಳು.

ನೀನು ಮ್ಯಾಂಚೆಸ್ಟರ್ ಮುಟ್ಟಿದ ಸುದ್ದಿಯನ್ನು ನಿನ್ನ ಅವ್ವ ಹೇಳಿದಳು. ನನಗೆ ಫೋನು ಮಾಡಲಿಲ್ಲ, ತಪ್ಪೇನಿಲ್ಲ. ಬಸ್ ನಿಲ್ದಾಣದಲ್ಲಿ ನಾನು ಆಡಿದ ಮಾತು ನಿನಗೂ ನೆನಪಿದೆ, ನನಗೂ ನೆನಪಿದೆ. ಅದನ್ನು ಇಲ್ಲಿ ಮತ್ತೆ ಬರೆಯುವುದಿಲ್ಲ.

ನೀನು ಬಿಟ್ಟುಹೋದ ನೀಲಿ ರಟ್ಟಿನ ನೋಟ್‌ಬುಕ್ಕನ್ನು ಕೇಳದೆ ಓದಿದೆ. ಮಗ್ಗ ನಿಲ್ಲಿಸಿದ ಮೇಲೆ ಮೂರು ರಾತ್ರಿ ಓದಿದೆ. ಒಂದು ಪುಟದ ತಲೆಗೆ 1784 ಎಂದಿದೆ. ಜ್ಞಾನೋದಯವೆಂದರೆ ಏನು ಎಂಬ ಪ್ರಶ್ನೆಗೆ ಕಾಂಟ್ ಎಂಬ ತತ್ತ್ವಜ್ಞಾನಿ ಉತ್ತರ ಬರೆದ ವರ್ಷ ಅದು: ಇನ್ನೊಬ್ಬರು ಕೈಹಿಡಿದು ನಡೆಸಲಿ ಎಂದು ಕಾಯದೆ ಸ್ವಂತ ಬುದ್ಧಿಯನ್ನು ಬಳಸುವ ಧೈರ್ಯ ಮಾಡಬೇಕು. ಎದುರಿನ ಪುಟದಲ್ಲಿಯೂ 1784. ಮ್ಯಾಂಚೆಸ್ಟರ್ ಹತ್ತಿರದ ಸ್ಟಾಯಲ್ ಎಂಬ ಊರಿನಲ್ಲಿ, ಬೊಲಿನ್ ನದಿಯ ದಂಡೆಗೆ, ಸ್ಯಾಮ್ಯುಯೆಲ್ ಗ್ರೆಗ್ ಎಂಬವನು ಹತ್ತಿ ನೂಲುವ ಗಿರಣಿ ಶುರು ಮಾಡಿದ. ಅನಾಥರನ್ನು, ಬಡವರ ಮಕ್ಕಳನ್ನು ಕರಾರು ಬರೆಸಿಕೊಂಡು ದುಡಿಸಿದ. ಎರಡು ಪುಟಗಳ ನಡುವೆ ಪೆನ್ಸಿಲಿನಲ್ಲಿ ಒಂದು ಗೆರೆ ಎಳೆದಿದ್ದೀಯ. ಏನನ್ನೂ ಬರೆದಿಲ್ಲ.

ಮುಂದಿನ ಪುಟದಲ್ಲಿ ಥಾಮಸ್ ಪ್ರೀಸ್ಟ್ಲಿ. ಅದೇ ಗಿರಣಿಯ ಹುಡುಗ, ವಯಸ್ಸು ಹದಿಮೂರು. ಎಡಗೈಯ ತೋರುಬೆರಳನ್ನು ಯಂತ್ರದ ಚಕ್ರ ಕಿತ್ತುಕೊಂಡಿತು. 1806ರಲ್ಲಿ, ತಾಯಿಯನ್ನು ನೋಡಬೇಕೆಂದು ಗೆಳೆಯನೊಬ್ಬನ ಜೊತೆ ಲಂಡನ್ನಿಗೆ ಓಡಿಹೋದ. ಅಲ್ಲಿಂದ ಮುಂದಕ್ಕೆ ಓದಲು ನನ್ನಿಂದ ಆಗಲಿಲ್ಲ.

ನೀನಾಗ ಮೂರನೆಯ ತರಗತಿ. ದಸರೆಗೆ ಮುಂಚೆ ಸಾವುಕಾರರಿಗೆ ಒಪ್ಪಿಸಬೇಕಾದ ಸೀರೆ ಕರೆಂಟಿನ ಮಗ್ಗದ ಮೇಲಿತ್ತು. ಹಾಸಿನ ಎಳೆ ಹರಿಯಿತು. ಸಣ್ಣ ಕೈ, ಸಲೀಸಾಗಿ ಹೋಗುತ್ತದೆ ಎಂದು, ಕಂಡಿಕೆ ಸುತ್ತುತ್ತ ಕುಳಿತಿದ್ದ ನಿನ್ನನ್ನು ಕರೆದೆ. ಮಗ್ಗ ನಿಲ್ಲಿಸಿದ್ದೆ, ತಾನಾಗಿಯೇ ಚಾಲೂ ಆಯಿತು ಎಂದು ನಿನ್ನ ಅವ್ವನಿಗೆ ಹೇಳಿದೆ, ಡಾಕ್ಟರಿಗೆ ಹೇಳಿದೆ, ನಿನಗೂ ಹೇಳಿದೆ. ನಾನು ನಿಲ್ಲಿಸಿರಲಿಲ್ಲ. ಒಂದು ನಿಮಿಷ ಉಳಿಯುತ್ತದೆ ಎಂದು ನಿಲ್ಲಿಸಿರಲಿಲ್ಲ. ಲಾಳಿ ಬಂದು ನಿನ್ನ ಬೆರಳಿಗೆ ಬಡಿದಾಗ ನಾನು ಮೊದಲು ನೋಡಿದ್ದು ಸೀರೆಯನ್ನು. ರಕ್ತ ಹಸಿರು ಒಡಲಿನ ಮೇಲೆ ಬಿದ್ದಿತ್ತು. ಕೆಂಪು ದಡಿಯ ಮೇಲೆ ಬಿದ್ದಿದ್ದರೆ ಕಾಣುತ್ತಿರಲಿಲ್ಲವಲ್ಲ ಎಂದುಕೊಂಡೆ. ನೀನು ಅಳಲಿಲ್ಲ. ನನ್ನ ಮುಖ ನೋಡುತ್ತಿದ್ದೆ. ಆಮೇಲೆ ನಾನು ನಿನ್ನ ಬೆರಳನ್ನು ನೋಡಿದೆ. ಈಗಲೂ ನೀನು ಊಟಕ್ಕೆ ಕುಳಿತಾಗ ತಟ್ಟೆ ಹಿಡಿದ ಎಡಗೈಯ ಆ ಸೊಟ್ಟ ಉಗುರು ಕಂಡರೆ ನಾನು ಬೇರೆ ಕಡೆ ನೋಡುತ್ತೇನೆ. ನನಗೆ ಸಿಟ್ಟು ಎಂದು ನೀನು ತಿಳಿದಿರಬಹುದು.

ಒಂಬತ್ತು ತುಂಬದ ಮಕ್ಕಳನ್ನು ಬಟ್ಟೆ ಗಿರಣಿಯಲ್ಲಿ ದುಡಿಸಬಾರದೆಂದು ಇಂಗ್ಲೆಂಡಿನಲ್ಲಿ ಕಾನೂನಾದದ್ದು 1833ರಲ್ಲಿ ಎಂದು ಬರೆದಿದ್ದೀಯ. ನಿನಗೆ ಆ ದಿನ ಎಂಟು.

ನಿನ್ನ ಓದನ್ನು ಸತ್ತವರ ಲೆಕ್ಕ ಎಂದು ಹಳಿದವನು ನಾನು. ಈ ಓಣಿಯಿಂದ ಅಷ್ಟು ದೂರ ಹೋಗಿ ಓದುವವಳು ನೀನೊಬ್ಬಳೇ. ನೆರೆಯವರು ಕೇಳಿದರೆ ನನ್ನ ದನಿ ಏರುತ್ತದೆ.

ಒಂದು ಮಾತು. 1819ರ ಆಗಸ್ಟ್ 16ರಂದು ನೀನಿರುವ ಊರಿನಲ್ಲೇ, ಸೇಂಟ್ ಪೀಟರ್ಸ್ ಮೈದಾನದಲ್ಲಿ, ಮತ ಹಾಕುವ ಹಕ್ಕು ಕೇಳಲು ಸುಮಾರು 60,000 ಜನ ಸೇರಿದ್ದರು. ಅವರಲ್ಲಿ ನೇಕಾರರೂ ಇದ್ದರು, ಬಿಳಿ ಬಟ್ಟೆ ತೊಟ್ಟ ಹೆಂಗಸರೂ ಇದ್ದರು. ಕುದುರೆ ಸವಾರರು ಕತ್ತಿ ಹಿರಿದು ನುಗ್ಗಿದರು. ಆ ಹೆಂಗಸರ ಮೇಲೆ ನನಗೆ ಗೌರವವಿದೆ. ಆದರೂ ನೀನು ಮೆರವಣಿಗೆಗಳಿಂದ ದೂರ ಇರು. ಹೋಗಲೇಬೇಕಾದರೆ ಅಂಚಿನಲ್ಲಿ ನಿಲ್ಲು. ರಾತ್ರಿ ಒಬ್ಬಳೇ ತಿರುಗಬೇಡ. ಊಟ ತಪ್ಪಿಸಬೇಡ. ಬರೀ ಬ್ರೆಡ್ಡು ತಿಂದು ಮಲಗುವುದು ಊಟವಲ್ಲ. ಉಪದೇಶ ಮಾಡಬಾರದೆಂದುಕೊಂಡೇ ಬರೆಯಲು ಕುಳಿತಿದ್ದೆ.

ಸ್ಟಾಯಲ್‌ನ ಗಿರಣಿ ಈಗ ವಸ್ತುಸಂಗ್ರಹಾಲಯವಂತೆ, ಯಂತ್ರಗಳನ್ನು ಓಡಿಸಿಯೂ ತೋರಿಸುತ್ತಾರಂತೆ. ಹೋಗಿ ಬಾ. ಯಂತ್ರ ಓಡುವಾಗ ಹತ್ತಿರ ಹೋಗಬೇಡ, ಕೈ ಹಿಂದಕ್ಕೆ ಕಟ್ಟಿಕೊಂಡು ನಿಲ್ಲು.

ನೋಟ್‌ಬುಕ್ಕನ್ನು ಅಂಚೆಗೆ ಹಾಕುತ್ತಿದ್ದೇನೆ. ಥಾಮಸ್‌ನ ಪುಟಕ್ಕೆ ಮಗ್ಗದ ಎಣ್ಣೆ ಹತ್ತಿದೆ. ಒರೆಸಿದೆ, ಹೋಗಲಿಲ್ಲ.

ಇಂತಿ,
ನಿನ್ನ ಅಪ್ಪ