ಅಮ್ಮನ ಹಾಲಿನ ಲೆಕ್ಕದ ಪುಸ್ತಕ ಮತ್ತು ನನ್ನ ಸೈಕಲ್ ಸಾಲ

ನಿನ್ನೆ ಬೆಳಗ್ಗೆ ಘಾಟಿಯ ಬುಡದ ಸೋಮೇಶ್ವರದಿಂದ ಆಗುಂಬೆಗೆ ಸೈಕಲ್ ತುಳಿದುಕೊಂಡು ಹೋದೆ. 14 ತಿರುವು, 52 ನಿಮಿಷ. ಒಳ್ಳೇ ಫಾರ್ಮ್‌ನಲ್ಲಿ ರೇಸ್ ಮಾಡುತ್ತಿದ್ದಾಗ ಇದೇ ಘಾಟಿಯನ್ನು ಅರ್ಧ ಗಂಟೆಯೊಳಗೆ ಮುಗಿಸುತ್ತಿದ್ದೆ. ಈ ಸಲ ನಡುವೆ ಒಂದು ಕಡೆ ನಿಂತೆ ಕೂಡ. ಆದರೂ ಮೇಲೆ ತಲುಪಿದಾಗ ಅಳು ಬಂತು. ಮಂಗಗಳು ಬಿಟ್ಟರೆ ಬೇರೆ ಯಾರೂ ನೋಡಲಿಲ್ಲ, ಪುಣ್ಯ.

ಸೈಕಲ್ಲಿನಿಂದ ಬಿದ್ದ ಮೇಲೆ ಹನ್ನೊಂದು ತಿಂಗಳಿಂದ ಫೋನ್ ಮಾಡಿದವರಿಗೆಲ್ಲ "ಹುಷಾರಾದ ಮೇಲೆ ಬರೀತೀನಿ" ಅಂತ ಹೇಳಿಕೊಂಡು ಬಂದಿದ್ದೆ. ಇನ್ನು ತಪ್ಪಿಸಿಕೊಳ್ಳುವ ಹಾಗಿಲ್ಲ. ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ, ಅದಕ್ಕೇ ಕಾಯುತ್ತಾ ಓದಬೇಡಿ. ನಾನು ಇನ್ನು ರೇಸ್ ಮಾಡುವುದಿಲ್ಲ. ವಯಸ್ಸು 29. ಹನ್ನೆರಡು ವರ್ಷ ರಸ್ತೆ ರೇಸ್ ಮಾಡಿದೆ. ಒಬ್ಬಳೇ ಗೆದ್ದ ರೇಸ್ ಒಂದೂ ಇಲ್ಲ. ಈ ಬರಹ ಆ ಹನ್ನೆರಡು ವರ್ಷದ ಖರ್ಚು ಹೊತ್ತವರಿಗೆ.

ಮೊದಲು ಬಿದ್ದ ಕಥೆ. ಕಳೆದ ಸೆಪ್ಟೆಂಬರ್, ಉತ್ತರೆ ಮಳೆಯ ಹೊತ್ತು. ಆಗುಂಬೆ ಘಾಟಿ ಇಳಿಯುತ್ತಿದ್ದೆ. ತಪ್ಪು ಪೂರ್ತಿ ನನ್ನದೇ. ರಸ್ತೆಯ ಅಂಚಿಗೆ ಹಾವಸೆ, ಅಂದರೆ ಪಾಚಿ, ಕಟ್ಟಿತ್ತು. ಮಳೆಗಾಲದಲ್ಲಿ ಅಂಗಳಕ್ಕೆ ಸೋಗೆ ಹಾಸಿಕೊಂಡು ಓಡಾಡುವ ಊರಿನವಳಿಗೆ ಹಾವಸೆ ಗೊತ್ತಿರಬೇಕು, ಅಲ್ವಾ? ಎಂಟನೇ ತಿರುವಿನಲ್ಲಿ ಬ್ರೇಕ್ ಹಿಡಿಯುವುದು ಒಂದು ಕ್ಷಣ ತಡವಾಯಿತು. ಗಾಬರಿಯಲ್ಲಿ ಆಮೇಲೆ ಜಾಸ್ತಿ ಹಿಡಿದೆ. ಮುಂದಿನ ಚಕ್ರ ಜಾರಿ ತಡೆಗೋಡೆಗೆ ಹೋಗಿ ಬಡಿದೆ. ಬಲಗಡೆ ಕಾಲರ್‌ಬೋನ್ ಎರಡು ತುಂಡು. ಸೊಂಟದ ಮೂಳೆಯಲ್ಲಿ ಬಿರುಕು.

ಕಾಲರ್‌ಬೋನ್ ಮುರಿಯುವುದು ನಮ್ಮವರಿಗೆ ಹೊಸದಲ್ಲ. ಬೀಳುವಾಗ ಕೈ ಊರುತ್ತೇವೆ. ಪೆಟ್ಟು ತೋಳಿನಲ್ಲೇ ಏರಿ ಬಂದು ಆ ತೆಳ್ಳನೆ ಮೂಳೆಯ ಮೇಲೆ ಬೀಳುತ್ತದೆ. ಪ್ಲೇಟ್ ಹಾಕಿಸಿಕೊಂಡು ಒಂದೆರಡು ತಿಂಗಳಲ್ಲಿ ರೇಸಿಗೆ ಇಳಿದವರನ್ನು ನಾನೇ ನೋಡಿದ್ದೇನೆ. ಸೊಂಟ ಹಾಗಲ್ಲ. ಸೊಂಟ ಮಲಗಿಸಿಬಿಡುತ್ತದೆ.

ಅಲ್ಲಿ ಫೋನಿಗೆ ಸಿಗ್ನಲ್ ಇರಲಿಲ್ಲ. ಮೊದಲು ಬಂದಿದ್ದು ಮೀನಿನ ಗಾಡಿ. ಮಲ್ಪೆಯಿಂದ ತೀರ್ಥಹಳ್ಳಿಗೆ ಮೀನು ತಂದು, ಖಾಲಿ ಮಾಡಿ ವಾಪಸ್ ಇಳಿಯುತ್ತಿದ್ದ ಅಣ್ಣ. ಎತ್ತಲು ಬಂದರು. ಅಷ್ಟರಲ್ಲಿ ಕೆಳಗಿನಿಂದ ಮಿನಿ ಬಸ್ಸು ಬಂತು. ಅದರಿಂದ ಇಳಿದ ಒಬ್ಬ ಅಜ್ಜಿ, "ಎತ್ತಬೇಡ್ರೋ, ಹಲಗೆ ತನ್ನಿ, ಜಾರಿಸ್ಕೊಂಡು ಹಾಕಿ" ಅಂತ ಗದರಿದರು. ಮೀನಿನ ಬಾಕ್ಸ್ ಇಡುವ ಹಲಗೆ ಬಂತು. ಅಜ್ಜಿ ತಮ್ಮ ಶಾಲು ಮಡಚಿ ನನ್ನ ಕುತ್ತಿಗೆಯ ಪಕ್ಕ ಇಟ್ಟರು. ಆ ಶಾಲು ಇನ್ನೂ ನನ್ನ ಹತ್ತಿರವೇ ಇದೆ. ಅಜ್ಜಿ ಯಾರು ಅಂತ ಇವತ್ತಿಗೂ ಗೊತ್ತಾಗಿಲ್ಲ. ಯಾರಿಗಾದರೂ ಗೊತ್ತಿದ್ದರೆ ಹೇಳಿ, ತೊಳೆದು ಇಸ್ತ್ರಿ ಮಾಡಿ ಇಟ್ಟಿದ್ದೇನೆ. ಮೀನಿನ ಅಣ್ಣ ಮಾತ್ರ ಸಿಕ್ಕಿದ್ದಾರೆ. ಎರಡು ದಿನ ಬಿಟ್ಟು ಸೈಕಲ್ಲನ್ನೂ ಮನೆಗೆ ತಂದು ಇಳಿಸಿ, ಕಾಫಿ ಕುಡಿದು ಹೋದರು. ಡೀಸೆಲ್‌ಗೆ ದುಡ್ಡು ಕೊಡಲು ಹೋದರೆ ಅಪ್ಪನಿಗೇ ಬೈದರಂತೆ. ನನ್ನ ಜರ್ಸಿಯಿಂದ ಬಂಗುಡೆ ವಾಸನೆ ಹೋಗಲು ನಾಲ್ಕು ಒಗೆತ ಬೇಕಾಯಿತು.

ಆಪರೇಷನ್ ಮಾಡಿದ ಡಾಕ್ಟರಿಗೆ, ರಾತ್ರಿ ಪಾಳಿಯ ನರ್ಸಮ್ಮಂದಿರಿಗೆ, "ಇನ್ನೊಂದ್ಸಲ, ಇನ್ನೊಂದೇ ಸಲ" ಅಂತ ಸುಳ್ಳು ಹೇಳಿ ಹೇಳಿ ಇಪ್ಪತ್ತು ಸಲ ಕಾಲೆತ್ತಿಸಿದ ಫಿಸಿಯೋ ಹುಡುಗಿಗೆ ಥ್ಯಾಂಕ್ಸ್ ಅಂತ ಮುಖತಃ ಹೇಳಿದ್ದೇನೆ. ಇಲ್ಲೂ ಹೇಳುತ್ತಿದ್ದೇನೆ.

ಈಗ ಪುಸ್ತಕದ ವಿಷಯ. ಮಂಚದ ಮೇಲೆ ಇದ್ದಾಗ ಓದಲು ಏನೂ ಇರಲಿಲ್ಲ. ಫೋನ್ ನೋಡಿ ನೋಡಿ ಬೇಜಾರಾಗಿತ್ತು. ಅಮ್ಮ ಡೈರಿಗೆ ಹಾಕುವ ಹಾಲಿನ ಲೆಕ್ಕ ಬರೆಯುವ ಪುಸ್ತಕಗಳು ಕಪಾಟಿನಲ್ಲಿ ಕಟ್ಟು ಕಟ್ಟಿ ಇದ್ದವು. ಸುಮ್ನೆ ಒಂದು ತೆಗೆದೆ.

"ಹಾಲು 4 ಲೀ. ಹಿಂಡಿ 1 ಚೀಲ. ಅವಳ ಟಯರು 2."

"ಅವಳ ಬೂಟು. ಇದಕ್ಕೆ ಇಷ್ಟಾ?"

"ಬಸ್ ಚಾರ್ಜು ವಿಜಯಪುರ. ಚಕ್ಕುಲಿ ಡಬ್ಬಿ ವಾಪಸ್ ಬಂದಿಲ್ಲ."

ಪುಟ ಪುಟದಲ್ಲೂ ನಾನಿದ್ದೆ. ಹೆಸರಿಲ್ಲ, ಬರೀ "ಅವಳ". ಮೊದಮೊದಲು ನಗು ಬಂತು. ಆಮೇಲೆ ಒಂದು ಸಾಲು ಸಿಕ್ಕಿತು. "ಗೌರಿ ಕೊಟ್ಟಿದ್ದು. ಅವಳ ಚಕ್ರಕ್ಕೆ."

ಗೌರಿ ನಮ್ಮನೆ ಹಸು. ನಾನು ಹಾಸ್ಟೆಲಿನಿಂದ ರಜೆಗೆ ಬಂದಾಗ ಕೊಟ್ಟಿಗೆಯಲ್ಲಿ ಇರಲಿಲ್ಲ. ಕೇಳಿದ್ದಕ್ಕೆ "ಚಿಕ್ಕಮ್ಮನ ಮನೆಗೆ ಕಳಿಸಿದ್ದೀವಿ, ಅಲ್ಲಿ ಮೇವು ಚೆನ್ನಾಗಿದೆ" ಅಂದಿದ್ದರು. ನಾನು ನಂಬಿದ್ದೆ. ಎಂಟು ವರ್ಷ ನಂಬಿದ್ದೆ! ಆ ರಜೆಯಲ್ಲೇ ಅಪ್ಪ ಹೊಸ ಜೊತೆ ಚಕ್ರ ತಂದುಕೊಟ್ಟಿದ್ದರು. ಎರಡನ್ನೂ ಸೇರಿಸಿ ನೋಡುವ ಬುದ್ಧಿ ನನಗಿರಲಿಲ್ಲ.

ಆ ಚಕ್ರಕ್ಕೆ ಏನಾಯಿತು ಅಂತ ಹೇಳಬೇಕಾದರೆ ವಿಜಯಪುರಕ್ಕೆ ಹೋಗಬೇಕು. ಕರ್ನಾಟಕದಲ್ಲಿ ಸೈಕಲ್ ರೇಸ್ ಅಂದರೆ ವಿಜಯಪುರ, ಬಾಗಲಕೋಟೆ. ಅಲ್ಲಿ ಹಳ್ಳಿ ಹಳ್ಳಿಯಲ್ಲಿ ಸೈಕ್ಲಿಸ್ಟ್‌ಗಳಿದ್ದಾರೆ. ಅಪ್ಪನ ಸೈಕಲ್ಲಿನಲ್ಲಿ ಬಾರಿನ ಕೆಳಗೆ ಕಾಲು ತೂರಿಸಿ ಒಳಪೆಡಲ್ ಹೊಡೆದು ಕಲಿತ ನಾನು ಹದಿನೇಳಕ್ಕೆ ಅಲ್ಲಿನ ಕ್ರೀಡಾ ಹಾಸ್ಟೆಲ್ ಸೇರಿದೆ. ಹತ್ತುವುದು ನನಗೆ ಬರುತ್ತಿತ್ತು. ಗಾಳಿಯಲ್ಲಿ ಓಡಿಸುವುದು ಬರುತ್ತಿರಲಿಲ್ಲ. ನಮ್ಮ ಕಡೆ ಕಾಡು ಗಾಳಿಯನ್ನು ತಡೆಯುತ್ತದೆ. ಅಲ್ಲಿ ಬಯಲು. ಪಕ್ಕದಿಂದ ಗಾಳಿ ಬೀಸಿದರೆ ಬಂಚ್, ಅಂದರೆ ಒಟ್ಟಿಗೆ ಓಡಿಸುವ ಗುಂಪು, ಓರೆಯಾಗಿ ಸಾಲು ಕಟ್ಟುತ್ತದೆ, ಸಾಲಿನಲ್ಲಿ ಜಾಗ ಸಿಗದವಳು ರಸ್ತೆಯ ಅಂಚಿನಲ್ಲಿ ಒಬ್ಬಳೇ ಒದ್ದಾಡಿ ಹಿಂದೆ ಬೀಳುತ್ತಾಳೆ. ಮೊದಲ ತಿಂಗಳು ದಿನಾ ಹಿಂದೆ ಬಿದ್ದೆ. "ಏ ಮಳಿ ಊರಾಕಿ, ನನ್ನ ಗಾಲಿ ಹಿಡ್ಕೊ, ಬಿಡಬ್ಯಾಡ" ಅಂತ ಕೂಗಿ ಕೂಗಿ ನನ್ನನ್ನು ಎಳೆದುಕೊಂಡು ಹೋದ ಗೆಳತಿಯರೇ, ನಿಮಗೆ ಏನು ಹೇಳಲಿ? ಜೋಳದ ರೊಟ್ಟಿ ಜೀರ್ಣ ಆಗದೆ ಅಳುತ್ತಿದ್ದವಳಿಗೆ ನಿಮ್ಮ ಪಾಲಿನ ಅನ್ನ ಕೊಟ್ಟಿದ್ದೀರಿ. ಈಗ ನಮ್ಮ ಮನೆಯಲ್ಲಿ ಶೇಂಗಾ ಚಟ್ನಿ ಇಲ್ಲದೆ ನನಗೆ ಊಟ ಸೇರುವುದಿಲ್ಲ, ಗೊತ್ತಾ?

ಇನ್ನೊಬ್ಬರ ಚಕ್ರದ ಹಿಂದೆ ಅಂಟಿಕೊಂಡು ಹೋದರೆ ಮೂರನೇ ಒಂದು ಭಾಗದಷ್ಟು ಶಕ್ತಿ ಉಳಿಯುತ್ತದೆ. ಅದಕ್ಕೇ ಟೀಮಿನಲ್ಲಿ ಒಬ್ಬರನ್ನು ಗೆಲ್ಲಿಸಲು ಉಳಿದವರು ಮುಂದೆ ನಿಂತು ಗಾಳಿ ತಿನ್ನುತ್ತಾರೆ. ಬಾಟಲಿ ತಂದುಕೊಡುತ್ತಾರೆ. ಇವರನ್ನು ಫ್ರೆಂಚರು ದೊಮೆಸ್ತಿಕ್ ಅನ್ನುತ್ತಾರೆ, ಅಂದರೆ ಮನೆ ಆಳು. ನಾನು ಆ ಆಳು. ಬೇಜಾರಿಂದ ಹೇಳುತ್ತಿಲ್ಲ. ಅದೇ ನನಗೆ ಚೆನ್ನಾಗಿ ಬರುತ್ತಿದ್ದ ಕೆಲಸ.

ಒಂದು ರಾಷ್ಟ್ರೀಯ ಕೂಟದಲ್ಲಿ ನಮ್ಮ ಲೀಡರ್ ಹುಡುಗಿಯ ಮುಂದಿನ ಚಕ್ರ ಪಂಕ್ಚರ್ ಆಯಿತು. ಟೀಮ್ ಗಾಡಿ ಹಿಂದೆ ಎಲ್ಲೋ ಇತ್ತು. ನನ್ನ ಚಕ್ರ ಬಿಚ್ಚಿ ಕೊಟ್ಟೆ. ಹೌದು, ಅದೇ ಚಕ್ರ. ಅವಳು ಹೋದಳು. ನಾನು ಮೈಲಿಗಲ್ಲಿನ ಮೇಲೆ ಕೂತೆ. ಗಾಡಿ ಬರುವಷ್ಟರಲ್ಲಿ ಬಂಚ್ ಕಣ್ಣಿಗೇ ಕಾಣುತ್ತಿರಲಿಲ್ಲ. ನನ್ನ ಹೆಸರಿನ ಮುಂದೆ "ಮುಗಿಸಲಿಲ್ಲ" ಅಂತ ಬಿತ್ತು. ಅವತ್ತು ರಾತ್ರಿ ನಮ್ಮ ಕೋಚ್ ಸರ್ ಒಂದು ಹಳೆಯ ಫೋಟೋ ತೋರಿಸಿದರು. 1934ರ ಟೂರ್ ದ ಫ್ರಾನ್ಸ್. ರೆನೆ ವಿಯೆತ್ತೊ ಅಂತ 20 ವರ್ಷದ ಹುಡುಗ. ಲೀಡರ್ ಆಂತೊನಾಂ ಮಾನ್ಯ್‌ಗೆ ತನ್ನ ಚಕ್ರ ಕೊಟ್ಟು, ಕಲ್ಲಿನ ಗೋಡೆಯ ಮೇಲೆ ಅಳುತ್ತಾ ಕೂತಿದ್ದಾನೆ. ಪಕ್ಕದಲ್ಲಿ ಚಕ್ರ ಇಲ್ಲದ ಸೈಕಲ್. ಮರುದಿನ ಮಾನ್ಯ್‌ಗೆ ಮತ್ತೆ ತೊಂದರೆ ಆಯಿತು. ವಿಯೆತ್ತೊ ಮುಂದೆ ಹೋಗಿದ್ದವನು ಬೆಟ್ಟವನ್ನು ವಾಪಸ್ ಹತ್ತಿ ಬಂದು ಸೈಕಲ್ಲನ್ನೇ ಕೊಟ್ಟ. ಮಾನ್ಯ್ ಟೂರ್ ಗೆದ್ದ. ಹುಡುಗ ಐದನೆಯವನಾದ. "ಅವನೂ ಅತ್ತಾನ, ನೀನೂ ಅಳು. ನಾಳಿಗೆ ಟಿಟಿ ಐತಿ, ಲಗೂನ ಮಲ್ಕೊ" ಅಂದರು ಸರ್. ಅಷ್ಟೇ. ಬೇರೆ ಸಮಾಧಾನ ಹೇಳಲಿಲ್ಲ. ಅದಕ್ಕಿಂತ ಜಾಸ್ತಿ ಹೇಳಿದ್ದರೆ ನಾನು ಅವತ್ತೇ ಬಿಟ್ಟು ಬರುತ್ತಿದ್ದೆನೇನೋ.

ಮರುದಿನದ ಆ ಟಿಟಿ ಅಂದರೆ ಟೀಮ್ ಟೈಮ್ ಟ್ರಯಲ್, ಗಡಿಯಾರದ ಜೊತೆಗಿನ ರೇಸ್. ನಾಲ್ಕು ಜನ ಒಟ್ಟಿಗೆ ಓಡಿಸುತ್ತೇವೆ. ಸಮಯ ಲೆಕ್ಕ ಹಾಕುವುದು ಮೂರನೆಯವಳ ಚಕ್ರ ಗೆರೆ ದಾಟಿದಾಗ. ಅಂದರೆ ನಾಲ್ಕನೆಯವಳು ಇದ್ದಬದ್ದ ಶಕ್ತಿಯನ್ನೆಲ್ಲ ಮುಂದೆ ನಿಂತು ಸುರಿದು, ಕೊನೆಗೆ ಕಳಚಿಕೊಂಡರೂ ನಡೆಯುತ್ತದೆ. ಆ ನಾಲ್ಕನೆಯವಳು ಯಾವಾಗಲೂ ನಾನೇ. ಅವತ್ತು ಕಂಚು ಬಂತು. ಮೂವರೂ ಗೆರೆ ದಾಟುವುದನ್ನು ನಾನು ಹಿಂದಿನಿಂದ ನೋಡಿದೆ. ಆ ಪದಕ ನಮ್ಮನೆ ದೇವರ ಮೂಲೆಯಲ್ಲಿ ಇದೆ. ಅಮ್ಮ ಶುಕ್ರವಾರ ಅದಕ್ಕೂ ಕುಂಕುಮ ಇಡುತ್ತಾರೆ, ಬೇಡ ಅಂದರೂ ಕೇಳುವುದಿಲ್ಲ.

ಕೆಲವರು ಸೈಕಲ್ ಕೊಡಿಸುತ್ತೇವೆ ಅಂತ ಸನ್ಮಾನ ಮಾಡಿ ಫೋಟೋ ತೆಗೆಸಿಕೊಂಡು ಮರೆತರು. ಶಾಲು ಕೊಟ್ಟರು, ಅದು ಹೌದು.

ತೀರ್ಥಹಳ್ಳಿಯ ಸೈಕಲ್ ಶಾಪಿನ ಕಾಕಾ ಇಲ್ಲದಿದ್ದರೆ ನಾನು ಇಷ್ಟು ವರ್ಷ ಓಡಿಸುವುದು ಸಾಧ್ಯವೇ ಇರಲಿಲ್ಲ. ಗೇರ್ ಬದಲಿಸುವ ಡಿರೇಲರ್ ಅನ್ನೋದನ್ನು ಅವರು ಮೊದಲು ನೋಡಿದ್ದೇ ನನ್ನ ಸೈಕಲ್ಲಿನಲ್ಲಿ. ರಾತ್ರಿ ಅಂಗಡಿ ಮುಚ್ಚಿದ ಮೇಲೆ ಬಿಚ್ಚಿ, ಜೋಡಿಸಿ, ಮತ್ತೆ ಬಿಚ್ಚಿ ಕಲಿತರು. ಬಿದ್ದಾಗ ಆ ಚಕ್ರದ ರಿಮ್ ಎಂಟರ ಆಕಾರಕ್ಕೆ ತಿರುಚಿಕೊಂಡಿತ್ತು. ನಾನು ಎಸೆಯಿರಿ ಅಂದೆ. ಆಗಿನ್ನೂ ಪುಸ್ತಕ ಓದಿರಲಿಲ್ಲ. ಕಾಕಾ ಎಸೆಯಲಿಲ್ಲ. ಚಕ್ರದ ನಡುವಿನ ಹಬ್ ಚೆನ್ನಾಗಿದೆ ಅಂತ ಇಟ್ಟುಕೊಂಡು, ಹೊಸ ರಿಮ್ ತರಿಸಿ, ಒಂದೊಂದೇ ಕಡ್ಡಿ ಹಾಕಿ ಸರಿ ಮಾಡಿಟ್ಟಿದ್ದರು. ಮಾರ್ಚ್‌ನಲ್ಲಿ ಕುಂಟುತ್ತಾ ಹೋದಾಗ ಗೋಡೆಯ ಮೊಳೆಯಲ್ಲಿ ನೇತಾಡುತ್ತಿತ್ತು. ಕಾಕಾ, ನೀವು ಎತ್ತಿಟ್ಟಿದ್ದು ಬರೀ ಹಬ್ ಅಲ್ಲ. ನಮ್ಮ ಗೌರಿಯ ಅರ್ಧ ಭಾಗ.

ಮಲಗಿದ್ದಾಗ ವಾಪಸ್ ಬಂದವರ ಕಥೆಗಳನ್ನು ಬಹಳ ಜನ ಕಳಿಸಿದಿರಿ. ಜಾಸ್ತಿ ಬಂದಿದ್ದು ಡಚ್ ರೈಡರ್ ಆನೆಮಿಕ್ ಫಾನ್ ಫ್ಲೂಟನ್ ಕಥೆ. 2016ರ ರಿಯೊ ಒಲಿಂಪಿಕ್ಸ್. ಚಿನ್ನದ ದಾರಿಯಲ್ಲಿ ಇಳಿಜಾರಿನ ತಿರುವಿನಲ್ಲಿ ಬಿದ್ದು ಬೆನ್ನುಮೂಳೆಯ ಮೂರು ಕಡೆ ಬಿರುಕು. ಮುಂದೆ ಟೋಕಿಯೊದಲ್ಲಿ ಟೈಮ್ ಟ್ರಯಲ್ ಚಿನ್ನ ಗೆದ್ದರು. 2022ರಲ್ಲಿ ಮೊಣಕೈ ಮುರಿದುಕೊಂಡೇ ವಿಶ್ವ ಚಾಂಪಿಯನ್ ಆದರು, ಆಗ ವಯಸ್ಸು 39. ಓದುವಾಗ ರೋಮಾಂಚನ ಆಗುತ್ತಿತ್ತು. ಓದಿ ಮುಗಿದ ಮೇಲೆ ಭಯ ಆಗುತ್ತಿತ್ತು, ನಾನೂ ಹಾಗೆ ಬರದಿದ್ದರೆ ಏನು ಅಂದುಕೊಳ್ಳುತ್ತಾರೋ ಅಂತ. ಅದೇ ಟೋಕಿಯೊದ ರೋಡ್ ರೇಸ್ ಕಥೆ ನನಗೆ ಹೆಚ್ಚು ಇಷ್ಟ. ಗೆದ್ದೆ ಅಂತ ಫಾನ್ ಫ್ಲೂಟನ್ ಕೈ ಎತ್ತಿದರು. ಆದರೆ 75 ಸೆಕೆಂಡ್ ಮುಂಚೆಯೇ ಆಸ್ಟ್ರಿಯಾದ ಆನಾ ಕೀಸನ್‌ಹೋಫರ್ ಗೆರೆ ದಾಟಿಯಾಗಿತ್ತು. ಗಣಿತದಲ್ಲಿ ಡಾಕ್ಟರೇಟ್ ಮಾಡಿದವರು, ಯಾವ ವೃತ್ತಿಪರ ಟೀಮೂ ಇರಲಿಲ್ಲ. ರೇಸ್ ಶುರುವಾದ ಕೂಡಲೇ ಮುಂದೆ ಹೋದವರನ್ನು ಹಿಂದಿನವರು ಮರೆತೇಬಿಟ್ಟಿದ್ದರು. ಸೈಕಲ್ ಬಿಟ್ಟರೆ ಬೇರೆ ಬದುಕೇ ಇರಬಾರದು ಅಂತ ನಮಗೆಲ್ಲ ಹೇಳಿಕೊಟ್ಟಿದ್ದರಲ್ಲ, ಅವತ್ತು ಅದು ಸುಳ್ಳು ಅನ್ನಿಸಿತ್ತು.

"ವಾಪಸ್ ಯಾವಾಗ?" ಅಂತ ಒಂದು ಸಲವೂ ಕೇಳದವರು ಇಬ್ಬರೇ, ಅಪ್ಪ ಮತ್ತು ತಮ್ಮ. ಅಪ್ಪ ಮರ ಹತ್ತಿ ಅಡಿಕೆ ಗೊನೆ ತೆಗೆಯುವವರು. ನಾನು ಸಣ್ಣವಳಿದ್ದಾಗ ಅಡಿಕೆ ಮರದಿಂದ ಬಿದ್ದು ಆರು ತಿಂಗಳು ಮಲಗಿದ್ದರು. ಅವರಿಗೆ ಗೊತ್ತು. ತಮ್ಮ, ಅಡಿಕೆಯ ಕೊಳೆ ರೋಗಕ್ಕೆ ಔಷಧಿ ಹೊಡೆಯುವ ಕೆಲಸದ ನಡುವೆಯೂ, ಮಧ್ಯಾಹ್ನ ಬಂದು ನನ್ನನ್ನು ಜಗಲಿಗೆ ನಡೆಸುತ್ತಿದ್ದ, ತೋಟದ ಸುದ್ದಿ ಹೇಳುತ್ತಿದ್ದ.

ಜೂನ್‌ನಿಂದ ಇಲ್ಲೇ ಒಂದು ಹೈಸ್ಕೂಲಿನಲ್ಲಿ ಅತಿಥಿ ಶಿಕ್ಷಕಿಯಾಗಿ ಮಕ್ಕಳಿಗೆ ಆಟ ಆಡಿಸುತ್ತಿದ್ದೇನೆ. ಸಂಬಳದ ಬಗ್ಗೆ ಕೇಳಬೇಡಿ. ಐದು ಹುಡುಗಿಯರು ದೂರದಿಂದ ಸೈಕಲ್ಲಿನಲ್ಲಿ ಬರುತ್ತಾರೆ. ಒಬ್ಬಳು ಏರಿನಲ್ಲಿ ಸೀಟಿನಿಂದ ಏಳುವುದೇ ಇಲ್ಲ, ಕೂತೇ ಹತ್ತುತ್ತಾಳೆ. ನೋಡೋಣ.

ನಿನ್ನೆ ಮಘೆ ಮಳೆ ಸ್ವಲ್ಪ ಬಿಡುವು ಕೊಟ್ಟಿತ್ತು. ನಿಂತಿದ್ದು ಎಂಟನೇ ತಿರುವಿನಲ್ಲಿ. ತಡೆಗೋಡೆಯ ಮೇಲೆ ಕೂತು ಬಾಳೆಹಣ್ಣು ತಿಂದೆ. ವಿಯೆತ್ತೊನ ಫೋಟೋ ನೆನಪಾಯಿತು. ನನ್ನ ಸೈಕಲ್ಲಿಗೆ ಎರಡೂ ಚಕ್ರ ಇತ್ತು. ಮಂಜು ಮುಸುಕಿ ಕಣಿವೆ ಕಾಣುತ್ತಿರಲಿಲ್ಲ. ಕಾಲಿಗೆ ಹತ್ತಿದ ಇಂಬಳ, ಅದೇ ಜಿಗಣೆ, ಕಿತ್ತು ಹಾಕಿ ಮತ್ತೆ ಹೊರಟೆ.

ಮನೆಗೆ ಬಂದಾಗ ಅಮ್ಮ ಹಾಲು ಹಾಕಿ ಬಂದಿದ್ದರು. "ಹತ್ತಿದ್ಯಾ?" ಅಂದರು. ಹೂಂ ಅಂದೆ. ಒಳಗೆ ಹೋಗಿ ಒಲೆಯ ಮೇಲೆ ನೀರಿಟ್ಟರು. ರಾತ್ರಿ ಎಲ್ಲರೂ ಮಲಗಿದ ಮೇಲೆ ಕದ್ದು ಪುಸ್ತಕ ತೆಗೆದು ನೋಡಿದೆ.

"ಹಾಲು 3 ಲೀ. ಬೂಸಾ ಅರ್ಧ ಚೀಲ. ಆಗುಂಬೆ ಹತ್ತಿ ಬಂದಳು. ಬಾಳೆಹಣ್ಣು 4."