ಅಪ್ಪನಿಗೂ ಮಾತಾಡಲು ಬಿಡು

ಪ್ರೀತಿಯ ತಮ್ಮಾ,

ನಿನ್ನ ಚಿತ್ರಕಥೆ ಓದಿ ಮುಗಿಸಿದೆ. ಜೊತೆಗಿದ್ದ ಪತ್ರವನ್ನೂ ಓದಿದೆ. ನಿಜ ಹೇಳಬೇಕೆಂದರೆ ಪತ್ರವೇ ಜಾಸ್ತಿ ಕಾಡಿತು. ಹಿಂದಿ ಸಿನಿಮಾಕ್ಕೆ ಬರೆಯಬೇಕು ಅಂತ ಮುಂಬೈಗೆ ಹೋಗಿ ಕೂತವನು, ಮೊದಲ ಸ್ಕ್ರಿಪ್ಟ್ ವಾಪಸ್ ಬಂತು ಅಂತ 'ನನಗೆ ಬರವಣಿಗೆ ಬರಲ್ಲ ಸಾರ್, ಊರಿಗೆ ಬಂದುಬಿಡ್ತೀನಿ' ಅನ್ನುತ್ತೀಯಲ್ಲ! ಒಂದೇ ಒಂದು ಸ್ಕ್ರಿಪ್ಟಿಗೆ ಇಷ್ಟೊಂದಾ? ಬರಬೇಡ. ಅಲ್ಲೇ ಇರು. ಇಂಟರ್‌ವಲ್ ಎಲ್ಲಿ ಬರಬೇಕು, ಎಷ್ಟು ಪುಟ ಇರಬೇಕು, ಮೊದಲು ಯಾರಿಗೆ ತೋರಿಸಬೇಕು ಅಂತೆಲ್ಲ ಕೇಳಿದ್ದೀಯ. ಅದನ್ನು ಅಲ್ಲಿನ ಯಾವ ಅಸಿಸ್ಟೆಂಟ್ ಡೈರೆಕ್ಟರ್ ಆದರೂ ಅರ್ಧ ಗಂಟೆಯಲ್ಲಿ ಹೇಳಿಕೊಡುತ್ತಾನೆ. ನಾನು ಹೇಳೋದು ಒಂದೇ ವಿಷಯ. ಕೋಪ ಮಾಡಿಕೊಳ್ಳದೆ ಓದು.

ನಿನ್ನ ಕಥೆಯ ಕೊನೆಯಲ್ಲಿ ಮಗ ಅಪ್ಪನೆದುರು ನಿಂತು ಮೂರು ಪುಟ ಮಾತಾಡುತ್ತಾನೆ. ಶರ್ಟು ಆರಿಸಿದ್ದು ನೀವು, ಕಾಲೇಜು ಆರಿಸಿದ್ದು ನೀವು, ಕೆಲಸವೂ ನಿಮ್ಮದೇ, ಈಗ ಹೆಂಡತಿಯನ್ನೂ ನೀವೇ ಆರಿಸುತ್ತೀರಾ ಅಂತ. ಅಪ್ಪನ ಕಣ್ಣಲ್ಲಿ ನೀರು. ಅರ್ಧ ಪುಟದೊಳಗೆ ಒಪ್ಪಿಗೆ. ಆಮೇಲೆ ಬ್ಯಾಂಡು, ಬಾರಾತು. ರೂಮಿನಲ್ಲಿ ಓದಿ ಹೇಳಿದಾಗ ಸ್ನೇಹಿತರೆಲ್ಲ ಚಪ್ಪಾಳೆ ತಟ್ಟಿದರು, ಒಬ್ಬನಂತೂ ಅತ್ತೇಬಿಟ್ಟ ಅಂತ ಬರೆದಿದ್ದೀಯ. ಅತ್ತಿದ್ದು ನಿಜವೇ ಇರಬೇಕು. ಮನೆಯಲ್ಲಿ ಹೇಳಬೇಕು ಅಂದುಕೊಂಡು ಅವರೆಲ್ಲ ನುಂಗಿಕೊಂಡಿದ್ದ ಮಾತುಗಳು ಅವು, ಅದನ್ನು ನೀನು ಅವರ ಪರವಾಗಿ ಹೇಳಿಬಿಟ್ಟೆ. ಆದರೆ ಆ ಚಪ್ಪಾಳೆಯನ್ನು ನಂಬಬೇಡ ಮಾರಾಯ. ಅದು ನಿನ್ನ ಬರವಣಿಗೆಗೆ ಬಿದ್ದದ್ದಲ್ಲ. ಅಷ್ಟು ವರ್ಷ ಮನೆ ನಡೆಸಿದ, ಪ್ರತಿಯೊಂದಕ್ಕೂ ಒಂದು ಉತ್ತರ ಇಟ್ಟುಕೊಂಡಿದ್ದ ಮನುಷ್ಯ ಆ ರಾತ್ರಿ ಮಾತ್ರ ಯಾಕೆ ಬಾಯಿ ಮುಚ್ಚಿಕೊಂಡ? ನೀನು ಮುಚ್ಚಿಸಿದೆ, ಅದಕ್ಕೆ. ಮಗ ಗೆಲ್ಲಲಿ ಅಂತ ಅಪ್ಪನ ಮಾತು ಕಿತ್ತುಕೊಂಡೆ. ಇಡೀ ಸ್ಕ್ರಿಪ್ಟಿನಲ್ಲಿ ನನಗೆ ಸುಳ್ಳು ಅನ್ನಿಸಿದ್ದು ಅದೊಂದೇ ಜಾಗ, ಅದೂ ಕ್ಲೈಮ್ಯಾಕ್ಸಿನಲ್ಲಿ.

ಈ ಕಥೆ ಹೊಸದಲ್ಲ, ನಿನಗೂ ಗೊತ್ತು. ಮಗನ ಬದುಕಿನ ಎಲ್ಲವನ್ನೂ ತಾನೇ ಆರಿಸುವ ಅಪ್ಪ ತೆಲುಗಿನ 'ಬೊಮ್ಮರಿಲ್ಲು'ವಿನಲ್ಲಿ 2006ರಲ್ಲೇ ಬಂದ. 2008ರಲ್ಲಿ ತಮಿಳಿಗೆ ಹೋದ. ಎರಡರಲ್ಲೂ ಅಪ್ಪ ನಮ್ಮ ಪ್ರಕಾಶ್ ರೈ. ಅನೀಸ್ ಬಾಜ್ಮಿ ಅದನ್ನೇ ಹಿಂದಿಯಲ್ಲಿ 'ಇಟ್ಸ್ ಮೈ ಲೈಫ್' ಅಂತ ತೆಗೆದರು. ನಾನಾ ಪಾಟೇಕರ್ ಅಪ್ಪ, ಹರ್ಮನ್ ಬವೇಜಾ ಮಗ. ಹುಡುಗಿ ಮಾತ್ರ ಮೂರೂ ಭಾಷೆಯಲ್ಲಿ ಜೆನಿಲಿಯಾನೇ. ಆ ಹಿಂದಿ ಸಿನಿಮಾ ವರ್ಷಗಟ್ಟಲೆ ಡಬ್ಬದಲ್ಲಿ ಕೂತು, ಥಿಯೇಟರಿಗೆ ಬರದೆ 2020ರ ನವೆಂಬರ್‌ನಲ್ಲಿ ನೇರ ಟೀವಿಗೆ ಬಂತು. ಅಷ್ಟು ಹೊತ್ತಿಗೆ ಅದೇ ಕಥೆಯನ್ನು ಜನ ಬೇರೆ ಬೇರೆ ಹೆಸರಲ್ಲಿ ಎಷ್ಟೋ ಸಲ ನೋಡಿಯಾಗಿತ್ತು. ನಿನ್ನ ಸ್ಕ್ರಿಪ್ಟಿಗೆ 'ಹಳೇದಾಯ್ತು' ಅಂದರಂತಲ್ಲ, ಆ ಮಾತಿಗೆ ತಲೆ ಕೆಡಿಸಿಕೊಳ್ಳಬೇಡ. ಮನೆಗಳು ಹಾಗೇ ಇರುವವರೆಗೆ ಕಥೆ ಹಳೇದಾಗಲ್ಲ. ಒಂದು ಕೆಲಸ ಮಾಡು. ತೆಲುಗಿನಲ್ಲಿ ಮಗ ಅಪ್ಪನೆದುರು ಮಾತಾಡುವ ಆ ಕ್ಲೈಮ್ಯಾಕ್ಸ್ ದೃಶ್ಯವನ್ನು ಇನ್ನೊಮ್ಮೆ ಹಾಕಿಕೊಂಡು, ಮಗನ ಮುಖ ಬಿಟ್ಟು ಪ್ರಕಾಶ್ ರೈ ಮುಖವನ್ನೇ ನೋಡುತ್ತಾ ಕೂರು. ಮಾತು ಮಗನದು, ದೃಶ್ಯ ಅಪ್ಪನದು. ಅಂಥ ನಟ ಸಿಕ್ಕರೆ ಬರೆಯದೆ ಬಿಟ್ಟದ್ದನ್ನೂ ಮುಖದಲ್ಲಿ ತಂದುಕೊಡುತ್ತಾನೆ. ನೀನು ನಟನನ್ನು ನಂಬಿ ಬರೆಯೋಕೆ ಆಗುತ್ತಾ?

ಹೃಷಿಕೇಶ್ ಮುಖರ್ಜಿಯವರ 'ಖೂಬ್‌ಸೂರತ್' ನೋಡಿದ್ದೀಯಾ? 1980ರದ್ದು, ರೇಖಾ ಇರುವುದು. ಇಲ್ಲದಿದ್ದರೆ ಇವತ್ತೇ ನೋಡು. ದೀನಾ ಪಾಠಕ್ ಮಾಡಿದ ಆ ಮನೆಯೊಡತಿ ಏನು ಶಿಸ್ತು, ಏನು ಕಟ್ಟುನಿಟ್ಟು! ಬಂದ ಹುಡುಗಿ ಮನೆಯವರನ್ನೆಲ್ಲ ಸೇರಿಸಿಕೊಂಡು, ನಿಯಮ ಎಲ್ಲ ಮುರಿಯಿರಿ ಅಂತ ಹಾಡಿ ನಾಟಕ ಆಡಿಸುತ್ತಾಳೆ. ನಾವೂ ನಗುತ್ತೇವೆ. ಅಷ್ಟರಲ್ಲಿ ಆ ಹೆಂಗಸು ಅದನ್ನು ನೋಡಿಬಿಡುತ್ತಾಳೆ. ತಾನು ಇಷ್ಟು ವರ್ಷ ಯಾರಿಗೋಸ್ಕರ ಮನೆ ಹಿಡಿದು ನಿಲ್ಲಿಸಿದಳೋ ಅವರೇ ತನ್ನನ್ನು ಆಡಿಕೊಂಡು ನಗುತ್ತಿದ್ದಾರೆ. ಆ ಕ್ಷಣ ನಮ್ಮ ನಗು ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ ನೋಡು, ಅದನ್ನು ಬರವಣಿಗೆ ಅನ್ನುತ್ತಾರೆ. ಅವಳನ್ನು ಸೋಲಿಸಬೇಕು ಅಂತ ಬರೆದಿದ್ದರೆ ಆ ನೋವು ಬರುತ್ತಿರಲಿಲ್ಲ, ಅಲ್ವಾ?

ಹಾಗಂತ ನಿನಗೆ ಇದು ಬರುವುದಿಲ್ಲ ಅಂತಲ್ಲ. ನಿನ್ನದೇ ಟೈಲರ್ ಅಂಗಡಿ ದೃಶ್ಯ ತೆಗೆದು ನೋಡು. ನಿಶ್ಚಿತಾರ್ಥಕ್ಕೆ ಕೋಟು ಹೊಲಿಸಬೇಕು. ಟೈಲರ್ ಟೇಪು ಹಿಡಿದು 'ತೋಳು ಎಷ್ಟು ಉದ್ದ ಇಡಲಿ?' ಅಂತ ಮಗನನ್ನು ಕೇಳುತ್ತಾನೆ. ಮಗ ಬಾಯಿ ತೆರೆಯುವಷ್ಟರಲ್ಲಿ ಅಪ್ಪ 'ಒಂದಿಂಚು ಜಾಸ್ತಿ ಇಡಿ, ಬೆಳೀತಾನೆ' ಅನ್ನುತ್ತಾನೆ. ಮಗನಿಗೆ ಇಪ್ಪತ್ತೇಳು ವರ್ಷ! ಟೈಲರ್ ಒಮ್ಮೆ ಮಗನ ಮುಖ ನೋಡಿ, ಒಮ್ಮೆ ಅಪ್ಪನ ಮುಖ ನೋಡಿ, ಒಂದಿಂಚು ಜಾಸ್ತಿ ಬರೆದುಕೊಳ್ಳುತ್ತಾನೆ. ಮುಂದೆ ನಿಶ್ಚಿತಾರ್ಥದ ದಿನ ಆ ತೋಳು ಬೆರಳವರೆಗೂ ಇಳಿದಿರುತ್ತದೆ, ಉಂಗುರ ಹಾಕಲು ಹುಡುಗಿ ಕೈಯನ್ನೇ ಹುಡುಕಬೇಕು. ತಮ್ಮಾ, ಇದನ್ನು ಬರೆದವನು 'ನನಗೆ ಬರಲ್ಲ' ಅಂದರೆ ನಾನು ಹೇಗೆ ಒಪ್ಪಲಿ? ನಾನು ಜೋರಾಗಿ ನಕ್ಕೆ. ನಕ್ಕಮೇಲೆ ಹೊಟ್ಟೆಯಲ್ಲಿ ಸಂಕಟವಾಯಿತು, ಯಾಕೆಂದರೆ ಆ ಅಪ್ಪನ ಕಣ್ಣಿಗೆ ಮಗ ನಿಜವಾಗಲೂ ಇನ್ನೂ ಬೆಳೆಯುತ್ತಿರುವ ಹುಡುಗ. ಪ್ರೀತಿಯೂ ಹಿಡಿತವೂ ಆ ಒಂದಿಂಚು ಬಟ್ಟೆಯಲ್ಲೇ ಇವೆ. ಇಷ್ಟು ತೋರಿಸಿದ ಮೇಲೆ ಮೂರು ಪುಟ ಭಾಷಣದಲ್ಲಿ 'ಶರ್ಟು ಆರಿಸಿದ್ದು ನೀವು' ಅಂತ ಮತ್ತೆ ಯಾಕೆ ಹೇಳಿಸುತ್ತೀಯ? ಅದನ್ನು ನೋಡುವವರು ನೋಡಿಯಾಗಿದೆ.

ಜೋಯಾ ಅಖ್ತರ್ 2015ರ 'ದಿಲ್ ಧಡಕ್‌ನೇ ದೋ'ದಲ್ಲಿ ಒಂದು ಆಮಂತ್ರಣ ಪತ್ರಿಕೆ ಇಟ್ಟಿದ್ದಾರೆ. ಅದರಲ್ಲಿ ಮದುವೆಯಾಗಿ ಹೋದ ಮಗಳ ಹೆಸರೇ ಇಲ್ಲ. ಅಪ್ಪ ಅಮ್ಮ ಕೂಗಾಡಿದ್ದಕ್ಕಿಂತ ಆ ಕಾರ್ಡು ಜಾಸ್ತಿ ಚುಚ್ಚುತ್ತದೆ. ನಿನ್ನ ಒಂದಿಂಚು ತೋಳು ಅದರ ಪಕ್ಕದಲ್ಲಿ ನಿಲ್ಲುತ್ತದೆ. ಇದನ್ನು ಹೊಗಳಿಕೆ ಅಂತ ಇಟ್ಟುಕೋ, ಆದರೆ ಇವತ್ತೊಂದು ದಿನ ಮಾತ್ರ.

ಈ ವಿಷಯದಲ್ಲಿ ನಾನು ಯಾಕಿಷ್ಟು ಹಟ ಮಾಡುತ್ತೇನೆ ಅಂದರೆ, ಬಹಳ ವರ್ಷದ ಹಿಂದೆ ನಾನೂ ಇಂಥದೊಂದು ಕಥೆಗೆ ಸಂಭಾಷಣೆ ಬರೆದಿದ್ದೆ. ಕೊನೆಯಲ್ಲಿ ಅಪ್ಪ ಮಗಳಿಗೆ ಒಂದು ಉತ್ತರ ಕೊಡುತ್ತಿದ್ದ. 'ನೀನು ಹೇಳಿದ್ದೆಲ್ಲ ಸರಿ. ಆದರೆ ನನಗೆ ಬೇರೆ ಥರ ಪ್ರೀತಿ ಮಾಡೋಕೆ ಬರಲ್ಲ, ಈ ವಯಸ್ಸಿನಲ್ಲಿ ಕಲಿಸು ಅಂತ ಯಾರನ್ನ ಕೇಳಲಿ?' ಅಷ್ಟೇ. ನಿರ್ಮಾಪಕರು ಅದನ್ನು ತೆಗೆಸಿದರು. ಅಪ್ಪನನ್ನು ಆಸ್ಪತ್ರೆಗೆ ಸೇರಿಸಿ, ಹಾಸಿಗೆ ಪಕ್ಕದಲ್ಲೇ ಮದುವೆಗೆ ಒಪ್ಪಿಸಿದರು. ಜನ ಸೀಟಿ ಹೊಡೆದರು. ಆ ಸೀಟಿ ಕೇಳಿ ನಿರ್ಮಾಪಕರು ನನ್ನ ಕಡೆ ತಿರುಗಿ 'ನೋಡಿದ್ರಾ?' ಅಂದರು. ಆ ಕೋಪ ನನಗೆ ಇವತ್ತಿಗೂ ಇಳಿದಿಲ್ಲ. ಕಾಯಿಲೆ ಬಿದ್ದವನು ಒಪ್ಪಿದರೆ ಅದು ಒಪ್ಪಿಗೆಯೇ ಅಲ್ಲ.

ಇನ್ನೊಂದು, ಬೇಗ ಹೇಳಿ ಮುಗಿಸುತ್ತೇನೆ. ನಿನ್ನ ಹುಡುಗ ಹುಡುಗಿ ಬೆಳಿಗ್ಗೆ ಮನೆ ಬಿಟ್ಟು ಮಧ್ಯಾಹ್ನ ರಿಜಿಸ್ಟ್ರಾರ್ ಆಫೀಸಿನಲ್ಲಿ ವಿಶೇಷ ವಿವಾಹ ಕಾಯ್ದೆಯಡಿ ಮದುವೆಯಾಗಿ ಬರುತ್ತಾರೆ. ಅದು ಆಗಲ್ಲಪ್ಪ! 1954ರ ಆ ಕಾಯ್ದೆಯಲ್ಲಿ ಮೊದಲು ನೋಟಿಸ್ ಕೊಡಬೇಕು. ಅದನ್ನು ಆಫೀಸಿನಲ್ಲಿ ಎಲ್ಲರಿಗೂ ಕಾಣುವ ಹಾಗೆ ಅಂಟಿಸುತ್ತಾರೆ. 30 ದಿನ ಕಾಯಬೇಕು. ಆ 30 ದಿನದಲ್ಲಿ ಯಾರು ಬೇಕಾದರೂ ಆಕ್ಷೇಪಣೆ ಸಲ್ಲಿಸಬಹುದು. ಆದರೆ ಹುಡುಗನಿಗೆ 21, ಹುಡುಗಿಗೆ 18 ಆಗಿಲ್ಲ, ಇಬ್ಬರಲ್ಲಿ ಒಬ್ಬರಿಗೆ ಈಗಾಗಲೇ ಮದುವೆಯಾಗಿದೆ ಎಂಬಂಥ ಕಾನೂನಿನ ಕಾರಣ ಇರಬೇಕು. 'ನನಗೆ ಇಷ್ಟವಿಲ್ಲ' ಅನ್ನುವುದು ಕಾರಣವಲ್ಲ. ಆ ಅಪ್ಪ ಕನ್ನಡಕ ಏರಿಸಿ ಬೋರ್ಡಿನಲ್ಲಿ ಮಗನ ಹೆಸರು ಓದುವುದನ್ನು, ಒಳಗೆ ಹೋಗಿ ಗುಮಾಸ್ತನ ಹತ್ತಿರ ವಾದ ಮಾಡುವುದನ್ನು ಯೋಚಿಸು. ಕಾಮಿಡಿ ಬೇಕು ಅಂತ ಹೊರಗೆಲ್ಲ ಹುಡುಕುತ್ತೀಯಲ್ಲ, ಇಗೋ, ಸರ್ಕಾರವೇ ನಿನಗೆ ಒಂದು ತಿಂಗಳು ಕೊಟ್ಟಿದೆ.

ಪತ್ರದ ಕೊನೆಯಲ್ಲಿ ಒಂದು ಸಾಲು ಬರೆದಿದ್ದೀಯ: 'ದಯವಿಟ್ಟು ನಮ್ಮಪ್ಪನಿಗೆ ಇದನ್ನು ತೋರಿಸಬೇಡಿ ಸಾರ್.' ತೋರಿಸುವುದಿಲ್ಲ. ಆದರೆ ಆ ಸಾಲು ಬಂದಲ್ಲಿಂದಲೇ ನೀನು ಬರೆಯಬೇಕು. ನಿಮ್ಮಪ್ಪ ಇದನ್ನು ಓದಿದರೆ ಏನನ್ನುತ್ತಾರೆ ಅಂತ ನಿನಗೆ ಚೆನ್ನಾಗಿ ಗೊತ್ತು. ಅದು ಗೊತ್ತಿರುವುದಕ್ಕೇ ಹೆದರಿದ್ದೀಯ. ಅವರು ಅನ್ನುವ ಮಾತಿನಲ್ಲಿ ಒಂದಷ್ಟು ನ್ಯಾಯವೂ ಇರಬಹುದು, ಅದಕ್ಕೆ ಇನ್ನೂ ಜಾಸ್ತಿ ಹೆದರಿಕೆ. ಆ ಮಾತನ್ನು ನಿನ್ನ ಕಥೆಯ ಅಪ್ಪನ ಬಾಯಲ್ಲಿ ಇಡು. ಕೇಳಿದ ಮಗ ತಬ್ಬಿಬ್ಬಾಗಲಿ. ಆಮೇಲೂ ಅವನಿಗೆ ಆ ಹುಡುಗಿಯೇ ಬೇಕು ಅನ್ನಿಸಿದರೆ ನಿನ್ನ ಪ್ರೇಮಕಥೆಗೆ ಬಲ ಬಂತು.

ಇಡೀ ಸ್ಕ್ರಿಪ್ಟ್ ತಿದ್ದಲು ಕೂರಬೇಡ. ಭಾಷಣದ ಮೂರು ಪುಟ ತೆಗೆದಿಡು, ಅಪ್ಪನ ಉತ್ತರ ಮಾತ್ರ ಬರೆದು ಕಳಿಸು. ಎಷ್ಟು ಉದ್ದ ಬಂದರೂ ಪರವಾಗಿಲ್ಲ, ಕಡಿಮೆ ಮಾಡುವುದನ್ನು ಆಮೇಲೆ ನೋಡೋಣ. ಹಿಂದಿಯಲ್ಲಿ ತಡವರಿಸಿದರೆ ಮೊದಲು ಕನ್ನಡದಲ್ಲೇ ಬರೆ, ನಿಮ್ಮಪ್ಪ ಬೈಯುವುದು ಕನ್ನಡದಲ್ಲೇ ತಾನೆ. ಈ ತಿಂಗಳು ನಾನು ಎಲ್ಲಿಗೂ ಹೋಗುವುದಿಲ್ಲ, ಬಂದ ದಿನವೇ ಓದುತ್ತೇನೆ.

ಇಂತಿ ನಿನ್ನ,
ಸಾರ್